ಕೂತಲ್ಲೇ ಸಿಕ್ಕವನು

ಚಂಡಮಾರುತದ ಗಾಳಿಮಳೆ ನಿಂತ ಹತ್ತನೇ ದಿನ ಬಿಸಿಲು ಬಂತು. ನಡೆದದ್ದೇನೂ ತನಗೆ ಗೊತ್ತಿಲ್ಲವೆಂಬಂತೆ ಮೆಲ್ಲಗೆ ಬಂದು ಕೆಸರಿನ ಮೇಲೆ ಮಲಗಿತು. ಬೆಟ್ಟದ ಅರ್ಧ ಭಾಗ ಇಳಿದು ತೊರೆಯಂಚಿಗೆ ಬಂದು ನಿಂತಿತ್ತು. ಅದರ ಜೊತೆ ಇಳಿದುಬಂದ ಕಿತ್ತಳೆ ಗಿಡವೊಂದು ಒಂದು ಕಾಯಿಯನ್ನೂ ಉದುರಿಸದೆ ನೆಟ್ಟಗೆ ನಿಂತಿತ್ತು. ಮನೆಯಿಲ್ಲದ ಗೇಟೊಂದು ಯಾರನ್ನೋ ಒಳಗೆ ಬಿಟ್ಟುಕೊಳ್ಳುವಂತೆ ತೆರೆಯುವುದು, ಮುಚ್ಚುವುದು ಮಾಡುತ್ತಿತ್ತು.

ಹೆಡ್ ಕಾನ್‌ಸ್ಟೇಬಲ್ ಮಾನಸ ಗಮ್‌ಬೂಟಿನಲ್ಲಿ ನಿಂತು ಜೆಸಿಬಿಯ ಕೆಲಸ ನೋಡುತ್ತಿದ್ದಳು. ಹುಡುಕುತ್ತಿದ್ದದ್ದು ಕೀರ್ತಿಕುಮಾರನನ್ನು. ಅವನ ಅಣ್ಣ ಮರುಳಸಿದ್ದಪ್ಪ ಹೇಳಿಕೆ ಬರೆಸಿದ್ದ: ಬೆಳಗಿನ ಜಾವ ತಮ್ಮ ದನ ಬಿಚ್ಚಲು ಹೋದ, ಬೆಟ್ಟ ಬಂತು, ತಮ್ಮ ಅದರೊಳಗೆ ಹೋದ. ತಾಯಿ ರುದ್ರಮ್ಮನನ್ನು ಬೆಟ್ಟ ಕುಸಿಯುವ ಹಿಂದಿನ ದಿನವೇ ಪರಿಹಾರ ಕೇಂದ್ರಕ್ಕೆ ಸಾಗಿಸಿದ್ದರು. ಅಂದಿನಿಂದ ಆಕೆ ಶಾಲೆಯ ಹಾಲ್‌ನಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಮಾನಸಳನ್ನು ಕಂಡಾಗಲೆಲ್ಲ ಒಂದೇ ಮಾತು.

"ಸಿಕ್ಕುದ್ರೆ ಸುಡಬ್ಯಾಡಿ ಕಣವ್ವ. ನಮ್ಮೋರ್ನ ಕೂರಿಸಿ ಮಣ್ಣು ಮಾಡ್ತೀವಿ. ಎಡಗೈಗೆ ಲಿಂಗ ಕೊಡಬೇಕು, ಕಿವೀಲಿ ಮಂತ್ರ ಹೇಳಬೇಕು. ಇಲ್ದಿದ್ರೆ ನನ್ ಮಗ ಎಲ್ಲಿಗೆ ಅಂತ ಹೋದಾನು?"

ಜೆಸಿಬಿ ಓಡಿಸುತ್ತಿದ್ದ ದೇರಪ್ಪ ಇದ್ದಕ್ಕಿದ್ದಂತೆ ಎಂಜಿನ್ ಆರಿಸಿದ.

"ಮೇಡಂ, ಇಲ್ಲೊಬ್ರು ಕೂತಿದ್ದಾರೆ," ಎಂದ, ಬಸ್ ಸ್ಟ್ಯಾಂಡಿನಲ್ಲಿ ಯಾರನ್ನೋ ಕಂಡಂತೆ.

ತೊರೆಯ ಪಕ್ಕದ ಸಮತಟ್ಟಿನಲ್ಲಿ ಮೇಲಿನ ಕೆಸರನ್ನು ತೆಗೆದ ಮೇಲೆ ಬಕೆಟ್ಟು ಕೆಳಗಿನ ಗಟ್ಟಿ ಮಣ್ಣನ್ನೂ ಒಂದು ಹೋಳು ಕತ್ತರಿಸಿತ್ತು. ಒಳಗೆ ಗೂಡಿನಂಥ ಗುಣಿ. ಗುಣಿಯಲ್ಲಿ ಕೀರ್ತಿಕುಮಾರ ಪದ್ಮಾಸನ ಹಾಕಿ ಕೂತಿದ್ದ. ತೊಡೆಯ ಮೇಲೆ ವಿಭೂತಿಯ ಗಟ್ಟಿಗಳು. ಎಡಗೈಯಲ್ಲಿ ಲಿಂಗ. ಅದು ಜಾರದಂತೆ ಬಿಳಿ ಪಂಚೆಯ ಚೂರಿನಿಂದ ಅಂಗೈಯನ್ನು ಕಟ್ಟಿತ್ತು. ತಂಪು ಜೇಡಿ ಅವನನ್ನು ಜೋಪಾನವಾಗಿ ಹಿಡಿದುಕೊಂಡಿತ್ತು. ಪೂಜೆಗೆ ಕೂತವನು ಹಾಗೇ ನಿದ್ದೆ ಹೋದಂತೆ ಕಂಡ.

ದೇರಪ್ಪ ಇಳಿದು ಬಂದು ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿದ.

"ಈ ವಾರ ಏಳು ಜನರನ್ನ ತೆಗ್ದೆ ನಾನು. ಮಲಗಿರ್ತಾರೆ, ಮಡಚಿಕೊಂಡಿರ್ತಾರೆ. ಕೂತೋರು ಇವರೇ ಮೊದಲು. ಬೆಟ್ಟ ಯಾರನ್ನೂ ಹಿಂಗೆ ಕೂರಿಸಲ್ಲ ಮೇಡಂ."

"ಗೊತ್ತು," ಎಂದಳು ಮಾನಸ.

ಕೀರ್ತಿಕುಮಾರನ ತಲೆಯ ಹಿಂಭಾಗದಲ್ಲಿ ಒಂದು ಏಟಿತ್ತು. ಉರುಳಿದ ಕಲ್ಲು ಬಡಿಯಿತು ಎಂದರೆ ಯಾರಾದರೂ ನಂಬುವಂಥ ಏಟು. ಅವಳು ಸಾಹೇಬರಿಗೆ ಫೋನು ಮಾಡಿದಳು. ಕೂತ ವಿಷಯ ಬಾಯಿಗೆ ಬರುವ ಮೊದಲೇ ಅವರು, "ಭೂಕುಸಿತ ಅಂತ ಬರ್ದು ಕಳ್ಸಮ್ಮ, ಇನ್ನೂ ಮೂರು ಕಡೆ ಹುಡುಕೋದಿದೆ," ಎಂದು ಫೋನಿಟ್ಟರು.

ಜೀಪಿನಲ್ಲಿ ಕೂತು ಅವಳು ಫಾರಂ ತೊಡೆಯ ಮೇಲೆ ಹರಡಿಕೊಂಡಳು. 'ಸಾವಿಗೆ ಕಾರಣ' ಎಂಬಲ್ಲಿ ಒಂದು ಪದ ಬರೆದರೆ ಮುಗಿಯಿತು. ಆ ಮುದುಕಿಗೆ ಒಬ್ಬ ಮಗನಾದರೂ ಉಳಿಯುತ್ತಾನೆ. ಗಾಜಿನಾಚೆ ಮಂಜು ತೋಟದ ಮೇಲಿಂದ ನಿಧಾನ ಇಳಿಯುತ್ತಿತ್ತು, ಸಿಲ್ವರ್ ಓಕ್ ಮರಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ಅವಳು ಪೆನ್ನು ತೆರೆಯಲಿಲ್ಲ.

ಪರಿಹಾರ ಕೇಂದ್ರದಲ್ಲಿ ಊಟದ ಹೊತ್ತು. ಮರುಳಸಿದ್ದಪ್ಪ ಹತ್ತು ದಿನದಿಂದಲೂ ಮಾಡುತ್ತಿದ್ದ ಹಾಗೆ ಸಾಲಿನವರಿಗೆ ಸಾರು ಬಡಿಸುತ್ತಿದ್ದ. ರುದ್ರಮ್ಮ ಬಾಗಿಲಲ್ಲೇ ಮಾನಸಳ ಕೈ ಹಿಡಿದಳು.

"ಸಿಕ್ಕುದ್ನಾ?"

"ಸಿಕ್ಕಿದ್ರು ಅವ್ವ."

"ಸುಡಕ್ಕೆ ಬಿಡಲ್ಲ ಅಂತ ಹೇಳಿದ್ನಲ್ಲ. ಇವತ್ತೇ ಕೂರಿಸ್ಬೇಕು."

ಕಂಡದ್ದನ್ನು ಈಕೆಯಿಂದ ಮುಚ್ಚಿಡಲು ಮಾನಸಳಿಂದಾಗಲಿಲ್ಲ.

"ಕೂತೇ ಇದ್ರು ಅವ್ವ. ಕೈಯಲ್ಲಿ ಲಿಂಗ ಇತ್ತು. ಪಂಚೆ ಹರಿದು ಕಟ್ಟಿತ್ತು."

ರುದ್ರಮ್ಮನ ಮುಖ ಬಿಸಿಲು ಬಿದ್ದಂತೆ ಅರಳಿತು. ಕಣ್ಣು ಮುಚ್ಚಿ, "ಶಿವನೇ, ನನ್ ಮಗ ದಡ ಸೇರ್ದ," ಎಂದಳು. ಆಮೇಲೆ ಕಣ್ಣು ತೆರೆದಳು. ಸಾರಿನ ಪಾತ್ರೆಯ ಬಳಿ ನಿಂತ ಹಿರಿಮಗನ ಪಂಚೆಯನ್ನು ನೋಡಿದಳು. ಅದರ ಅಂಚಿನಲ್ಲಿ ಒಂದು ಗೇಣು ಇರಲಿಲ್ಲ. ಬೆಟ್ಟದಿಂದ ಓಡುವಾಗ ಮುಳ್ಳಿಗೆ ಹರಿಯಿತೆಂದು ಅವನು ಹೇಳಿದ್ದ. ಅವಳೇ ಅದನ್ನು ಒಗೆದು ಒಣಗಿಸಿದ್ದಳು.

"ಮರುಳ, ಬಾ ಇಲ್ಲಿ."

ಅವನು ಸೌಟು ಹಿಡಿದುಕೊಂಡೇ ಬಂದ.

"ಕಿವೀಲಿ ಮಂತ್ರ ಯಾರು ಹೇಳಿದ್ದು?"

ಅವನು ತಾಯಿಯನ್ನು ನೋಡಿದ, ಮಾನಸಳನ್ನು ನೋಡಿದ. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ನಾನೇ ಅವ್ವ."

"ಐದು ಅಕ್ಷರಾನೂ ಹೇಳಿದ್ಯಾ?"

"ಹೂಂ. ಮಳೆ ಸದ್ದಿಗೆ ಕೇಳ್ಸಲ್ವೇನೋ ಅಂತ ಮತ್ತೊಂದ್ಸಲ ಹೇಳ್ದೆ." ಅವನು ಮಾನಸಳ ಕಡೆ ತಿರುಗಿದ. "ಹೋಂಸ್ಟೇಗೆ ಅಂತ ಬೆಟ್ಟ ಕಡಿಸಬ್ಯಾಡ ಅಂತ ತಮ್ಮಂಗೆ ಅಂದಿದ್ದೆ ಮೇಡಂ. ಆ ಸಂಜೆ ಅಲ್ಲಿಂದ್ಲೇ ನೀರು ನುಗ್ಗಿ ಕೊಟ್ಟಿಗೆ ಹೋಯ್ತು, ಗೌರಿ ಕೂಗ್ತಾ ಕೂಗ್ತಾ ಹೋದ್ಲು. 'ಹಳೇ ಹಸ, ಹೋದ್ರೆ ಹೋಗ್ಲಿ' ಅಂದ. ಗುದ್ದಲಿ ನನ್ ಕೈಲಿತ್ತು. ರಾತ್ರೀನೇ ಗುಣಿ ತೋಡಿ ಕೂರಿಸ್ದೆ, ಬೆಳಗಿನ ಜಾವ ಬೆಟ್ಟ ಬಂದು ಅವ್ನ ಮೇಲೆ ಹೊದ್ದುಸ್ತು. ಹಂಗೇ ಬಿಟ್ಟಿದ್ರೆ ಬೆಟ್ಟಾನೇ ಎಳ್ಕೊಂಡು ಹೋಗ್ತಿತ್ತು, ಗೊತ್ತು. ಆದ್ರೆ ತಮ್ಮನ್ನ ಹಂಗೆ ಬಿಡಕ್ಕಾಯ್ತದಾ?" ದನಿ ತಗ್ಗಿಸಿ ಕೇಳಿದ: "ಒರಗಿರಲಿಲ್ವಲ್ಲ?"

"ಇಲ್ಲ. ನೆಟ್ಟಗೆ ಕೂತಿದ್ರು."

ಅವನು ತಲೆಯಾಡಿಸಿ, ಸೌಟನ್ನು ಪಕ್ಕದವರ ಕೈಗೆ ಕೊಟ್ಟು, ಎರಡೂ ಬರಿಗೈ ಮಾನಸಳ ಮುಂದೆ ಚಾಚಿದ. ರುದ್ರಮ್ಮ ಆ ಕೈ ಹಿಡಿದು ಅವನನ್ನು ಕೆಳಕ್ಕೆಳೆದಳು.

"ಕೂತ್ಕೋ. ಬೆಳಗಿಂದ ಊರಿಗೆಲ್ಲ ಬಡಿಸ್ದೆ. ಉಂಡು ಹೋಗು."

ಯಾರೋ ತಟ್ಟೆ ತಂದಿಟ್ಟರು. ಮುದುಕಿ ಬಾಗಿಲಿಗೆ ಬೆನ್ನು ಹಾಕಿ ಕೂತು ಅನ್ನ ಕಲಸಿಕೊಟ್ಟಳು. ಮಾನಸ ಗೋಡೆಗೊರಗಿ, ಅವನು ಉಂಡು ಮುಗಿಸುವವರೆಗೂ ಕಾದಳು. ಆಮೇಲೆ ಪೆನ್ನು ತೆರೆದಳು.