ಕಾಟಾ ಮೇಲೆ ಕೂತವರು

"ಏಯ್ ಬೇವರ್ಸಿ ಮುಂಡೆ, ಕಾಟಾ ಮೇಲೆ ಕಾಲಿಟ್ಯಾ? ತರ್ಕಾರಿ ತೂಗೋ ಜಾಗ ಕಣೇ ಅದು! ನಿನ್ ಪಾದ ಬಿದ್ದ ಹಲ್ಗೆ ಮೇಲೆ ತೂಗಿದ್ ಕೋಸ್ನ ಯಾವ ಸೂಳೆಮಗ ತಿಂತಾನೆ?"

ಮೇಸ್ತ್ರಿ ಮುನಿರಾಜಪ್ಪ ಬೈದದ್ದು ನನ್ನನ್ನು. ಮೂಟೆ ಇಳಿಸುವಾಗ ಕಾಲು ಜಾರಿ ಕಾಟಾದ ಹಲಗೆ ಮೇಲೆ ಒಂದು ಹೆಜ್ಜೆ ಬಿದ್ದಿತ್ತು, ಅಷ್ಟೇ. ಅವನು ಬಕೆಟ್ ನೀರು ತರಿಸಿ ಹಲಗೆಗೆ ಸುರಿಸಿದ. ಆ ಕೋಸು ಕೃಷ್ಣರಾಜಪುರದ ಕಡೆಯಿಂದ ಬಂದ ಗಾಡಿಯಿಂದ ಇಳಿದದ್ದು ನನ್ನ ಕೈಯಿಂದ, ಮಂಡಿಯ ಒಳಗೆ ಬಂದದ್ದು ನನ್ನ ತಲೆಯ ಮೇಲೆ. ತಲೆ ತಾಗಿದರೆ ಮೈಲಿಗೆಯಿಲ್ಲ, ಪಾದ ತಾಗಿದರೆ ಮೈಲಿಗೆಯಂತೆ! ನನಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಮೂಟೆಗಳ ಹಿಂದೆ ಹೋಗಿ ನಕ್ಕೆ.

ಆ ಕಾಲದಲ್ಲಿ ನಮಗೆ ಯಾವುದಕ್ಕೆ ಬೇಕಾದರೂ ನಗು ಬರುತ್ತಿತ್ತು. ಹೊಟ್ಟೆ ಖಾಲಿಯಿದ್ದರೆ ತಲೆ ಹಗುರವಾಗಿ ತೇಲುತ್ತದೆ, ಯಾರಾದರೂ ಸೀನಿದರೂ ಸಾಕು, ನಗು ಶುರು. ಯುದ್ಧದ ಕಾಲ ಅದು. ದಂಡಿನ, ಅಂದರೆ ಕಂಟೋನ್ಮೆಂಟಿನ, ತುಂಬ ಸೋಲ್ಜರುಗಳು. ರಸೆಲ್ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿದ್ದ ನಮ್ಮ ಸಾಹುಕಾರನ ಮಂಡಿಯಿಂದ ದಿನಾ ಮಿಲಿಟರಿ ಲಾರಿಗಳು ತರಕಾರಿ ತುಂಬಿಕೊಂಡು ಹೋಗುತ್ತಿದ್ದವು. ತುಂಬುವವರು ನಾವು, ಕೂಲಿ ಹೆಂಗಸರು. ನಾನು ಪಿಳ್ಳಮ್ಮ, ಕಗ್ಗದಾಸಪುರದ ಹೊಲಗೇರಿಯವಳು. ನನ್ನ ಕೂಸು ಇನ್ನೂ ಹಾಲು ಕುಡಿಯುತ್ತಿತ್ತು. ಅದನ್ನು ಸೊಪ್ಪಿನ ಕುಕ್ಕೆಯಲ್ಲಿ ಮಲಗಿಸಿ ಕೆಲಸ ಮಾಡುತ್ತಿದ್ದೆ.

ಹಿಂದಿನ ವರ್ಷ ಅಕ್ಕಿ ರಾಗಿ ಎರಡೂ ಅಂಗಡಿಗಳಿಂದ ಮಾಯವಾದಾಗ ನಮ್ಮ ಹೆಂಗಸರು ಮೂಟೆಯ ಸಮೇತ ನೆಲಕ್ಕೆ ಬೀಳತೊಡಗಿದರು. ಹೆಂಗಸರು ಬಿದ್ದರೆ ಯಾರಿಗೇನು? ಆದರೆ ಲಾರಿ ತಡವಾಯಿತು. ಆಗ ದಂಡಿನ ಸರಬರಾಜು ಕಚೇರಿಯಿಂದ ಅಪ್ಪಣೆ ಬಂದು, ನಮ್ಮನ್ನೆಲ್ಲ ಕಾಟಾ ಹತ್ತಿಸಿ ತೂಗಿ ಬರೆದುಕೊಂಡು, ಮಧ್ಯಾಹ್ನಕ್ಕೊಂದು ಹಂಡೆ ಗಂಜಿ ಶುರು ಮಾಡಿದರು. ತೂಗಿದ ಮೇಲೆ ಕಾಟಾ ತೊಳೆದರು, ಅದು ಬೇರೆ ಮಾತು. ಆ ಗಂಜಿ ಕುಡಿದರೆ ನನ್ನ ಎದೆಯಲ್ಲಿ ಹಾಲು ಇರುತ್ತಿತ್ತು, ಗಂಜಿಯಿಲ್ಲದ ಭಾನುವಾರ ಕೂಸು ಸಂಜೆಯವರೆಗೂ ಕಿರುಚುತ್ತಿತ್ತು.

ನಾನು ಕಾಟಾ ತುಳಿದ ಆ ದಿನ ಮಧ್ಯಾಹ್ನ ಹಂಡೆಯ ಸುತ್ತ ಕೂತಾಗ ಜಗಳವೇ ಆಯಿತು. ಆಲೂಗೆಡ್ಡೆ ಆರಿಸುವ ಸಾಬಿರಾ, ಈಗಿನ ಶಿವಾಜಿನಗರದ ಕಡೆಯವಳು, ಎಲ್ಲಿಂದಲೋ ಒಂದು ಸುದ್ದಿ ತಂದಿದ್ದಳು. ದಂಡಿನ ವ್ಯಾಪಾರ ಯುದ್ಧದ ಮುಂಚಿಗಿಂತ ಇಮ್ಮಡಿ ಬೆಳೆದಿದೆಯಂತೆ, ಪೇಪರಿನಲ್ಲಿ ಹಾಕಿದ್ದಾರಂತೆ.

"ಇಮ್ಮಡಿನಾ? ಹಂಗಾದ್ರೆ ಈ ಗಂಜಿ ಯಾಕಮ್ಮಿ ಇಷ್ಟ್ ನೀರಾಗೈತೆ?" ಎಂದಳು ದೊಡ್ಡಮುನಿಯಮ್ಮ. ನಮ್ಮೆಲ್ಲರಿಗಿಂತ ಹಿರಿಯಳು, ನಾನು ಅಕ್ಕಯ್ಯ ಎನ್ನುತ್ತಿದ್ದೆ. ಹೆಸರಿನಲ್ಲಿ ಮಾತ್ರ ದೊಡ್ಡವಳು, ಆಳು ಕಡ್ಡಿ.

"ಅರೇ, ಲಡಾಯಿ ಮುಂಚೆ ಏನ್ ಮಾಡ್ತಿದ್ವಿ ನಾವು? ಬೇಕಾರ್ ಕೂತ್ಕೊಂಡು ನೊಣ ಹೊಡೀತಿದ್ವಿ. ಈಗ ದಿನಾ ಕೆಲ್ಸ ಐತೆ. ದಂಡು ಬೆಳೀತಾ ಐತೆ ಅಂದ್ರೆ ಅದು ಸುಳ್ಳಾ?" ಎಂದಳು ಸಾಬಿರಾ.

"ಯಾರ್ ಸುಳ್ಳು ಅಂದೋರು? ಮೂಟೆ ಬೆಳೀತು, ಲಾರಿ ಬೆಳೀತು, ಸಾವ್ಕಾರನ್ ಹೊಟ್ಟೆ ಬೆಳೀತು. ನನ್ ಕುಪ್ಪಸ ನೋಡೇ! ಒಳ್ಗೆ ಇನ್ನೊಬ್ಳಿಗೆ ಬಾಡ್ಗೆಗೆ ಕೊಡ್ಬೋದು."

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಾಬಿರಾ ನಗಲಿಲ್ಲ.

"ನೀನ್ ಎಲ್ಲಾದಕ್ಕೂ ನಗ್ತೀಯಾ ಅಮ್ಮಾ. ನಮ್ ಮನೆಯವ್ರು ಸತ್ತಾಗ ಮನೇಲಿ ಒಂದ್ ಹಿಡಿ ಹಿಟ್ಟಿರ್ಲಿಲ್ಲ. ಈ ಮಂಡಿ ಜೋರಾಗಿದ್ದಕ್ಕೇ ನಾನು ನನ್ ಮಕ್ಳು ಬದುಕಿದ್ದು. ಯಾಪಾರ ಬೆಳೀಲಿ, ಇನ್ನೂ ಬೆಳೀಲಿ. ಇವತ್ತಲ್ಲ ನಾಳೆ ನಮಗೂ ಬರ್ತದೆ."

ನನಗೆ ಇಬ್ಬರ ಮಾತೂ ಸರಿ ಎನ್ನಿಸಿತು. ಕೆಲಸವಿಲ್ಲದ ದಿನಗಳನ್ನು ನಾನೂ ಕಂಡವಳೇ.

ಸಂಜೆ ಮುನಿರಾಜಪ್ಪ ಕೂಗಿ ಹೇಳಿದ: "ನಾಳೆ ಕಚೇರಿ ಸಾಹೇಬ್ರು ನಿಮ್ಮುನ್ನ ತೂಗಕ್ಕೆ ಬರ್ತಾವ್ರೆ. ಮಕಾ ತೊಳ್ಕೊಂಡ್ ಬಂದು ಸಾಯ್ರಿ!"

ಯಾಕೆ ತೂಗುವುದು? ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಹೋದ ತಿಂಗಳು ಹಲಸೂರಿನಲ್ಲಿ ಮಿಲಿಟರಿಯವರು ಗಾಡಿ ಎತ್ತುಗಳನ್ನು ಆರಿಸುವಾಗ ಬಡಕಲು ಎತ್ತುಗಳನ್ನೆಲ್ಲ ಹಿಂದಕ್ಕೆ ಅಟ್ಟಿದ್ದನ್ನು ನಾವು ಕಣ್ಣಾರೆ ಕಂಡಿದ್ದೆವು.

"ಅದೇ ಕಣ್ರೇ ಇದೂನೂವೆ," ಎಂದಳು ಅಕ್ಕಯ್ಯ. "ತೂಕ ಬರ್ದೇ ಇರೋರ್ನ ಓಡಿಸ್ತಾರೆ. ಕೂಲಿನೂ ಹೋಯ್ತು, ಗಂಜಿನೂ ಹೋಯ್ತು."

ಇಡೀ ರಾತ್ರಿ ಕೂಸನ್ನು ತಬ್ಬಿಕೊಂಡೇ ಮಲಗಿದ್ದೆ.

ಮರುದಿನ ಬೆಳಿಗ್ಗೆ ನಲ್ಲಿಯ ಹತ್ತಿರ ನೋಡಬೇಕಿತ್ತು ನಮ್ಮ ಹಬ್ಬ! ಒಬ್ಬೊಬ್ಬಳೂ ಹೊಟ್ಟೆ ಬಿರಿಯುವಷ್ಟು ನೀರು ಕುಡಿದಳು. ಅಕ್ಕಯ್ಯ ಸೊಂಟದ ಸುತ್ತ ಜಲ್ಲಿಕಲ್ಲು ಕಟ್ಟಿಕೊಂಡಳು, ನಡೆದರೆ ಕಟಕಟ ಸದ್ದು. ಸಾಬಿರಾ ಬುರ್ಖಾದೊಳಗೆ ಆಲೂಗೆಡ್ಡೆ ತುಂಬಿಕೊಂಡು ಬಸುರಿಯ ಹಾಗೆ ನಿಂತಳು. ನನಗೆ ಕಲ್ಲೂ ಉಳಿದಿರಲಿಲ್ಲ, ಗೆಡ್ಡೆಯೂ ಸಿಗಲಿಲ್ಲ. ಕೂಸನ್ನೇ ಹೊಟ್ಟೆಗೆ ಕಟ್ಟಿಕೊಂಡು ಮೇಲೆ ಸೀರೆ ಸುತ್ತಿದೆ. ಒಬ್ಬರನ್ನೊಬ್ಬರು ನೋಡಿ ಬಿದ್ದುಬಿದ್ದು ನಕ್ಕೆವು. ಕುಡಿದ ನೀರು ಮೂಗಿನಿಂದ ಬಂತು.

ಸಾಹೇಬರು ಬಂದರು. ಕೋಟು, ರುಮಾಲು, ಮೂಗಿಗೆ ಕರ್ಚೀಫು. ಅವರ ಗುಮಾಸ್ತ ಕೊಡೆಯ ತುದಿಯಿಂದ ತಿವಿದು ತಿವಿದು ನಮ್ಮನ್ನು ಕಾಟಾ ಹತ್ತಿಸಿದ. ನಿನ್ನೆ ಹೆಜ್ಜೆ ಬಿದ್ದಿದ್ದಕ್ಕೆ ಬೈದ ಮುನಿರಾಜಪ್ಪ ಇವತ್ತು "ಹತ್ತೇ, ಬೇಗ ಹತ್ತೇ" ಎಂದ. ನಾನು ಹಲಗೆಯ ಮೇಲೆ ನಿಂತಾಗ ಸೀರೆಯೊಳಗೆ ಕೂಸು ಕುಂಯ್ ಎಂದಿತು.

"ಏನದು ಸದ್ದು?" ಎಂದರು ಸಾಹೇಬರು.

"ಹೊಟ್ಟೆ ಸ್ವಾಮಿ," ಎಂದಳು ಹಿಂದಿನಿಂದ ಅಕ್ಕಯ್ಯ. "ತುಂಬಿದ್ ಹೊಟ್ಟೆ, ಹಾಡ್ತೈತೆ."

ಸಾಲಿನಲ್ಲಿದ್ದವರೆಲ್ಲ ಕಿಸಕ್ಕೆಂದರು. ಸಾಹೇಬರಿಗೂ ಖುಷಿಯಾಯಿತು. ತೂಕವೆಲ್ಲ ಮುಗಿದ ಮೇಲೆ ಅವರ ಮುಖ ಊರಗಲವಾಯಿತು.

"ನೋಡಿದ್ರೇನ್ರೀ ಮೇಸ್ತ್ರಿ? ನಾನು ಮೊದಲೇ ಹೇಳಿರಲಿಲ್ವೇ? ವ್ಯಾಪಾರ ಬೆಳೆದರೆ ಕೂಲಿಯವರೂ ಬೆಳೆಯುತ್ತಾರೆ. ಹೋದ ಸಲಕ್ಕಿಂತ ಒಬ್ಬೊಬ್ಬರೂ ಎಷ್ಟು ದಪ್ಪವಾಗಿದ್ದಾರೆ! ದಂಡು ಆರೋಗ್ಯವಾಗಿದೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? ನಾಳೆಯಿಂದ ಗಂಜಿ ಬೇಡ. ಹಂಡೆ ವಾಪಸ್ ಕಳಿಸಿಬಿಡಿ."

ಒಂದು ಗಳಿಗೆ ಯಾರಿಗೂ ಏನೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅಯ್ಯೋ ನಮ್ಮ ಹಣೆಬರಹವೇ! ಉಳಿಸಿಕೊಳ್ಳಬೇಕು ಅಂತ ಹೊತ್ತದ್ದೇ ನಮ್ಮ ಬಾಯಿಗೆ ಮಣ್ಣು ಹಾಕಿತ್ತು.

ಅಕ್ಕಯ್ಯ ಮೊದಲು ಸೊಂಟ ಬಿಚ್ಚಿದಳು. ಜಲ್ಲಿಕಲ್ಲು ಸಾಹೇಬರ ಬೂಟಿನ ಮುಂದೆ ದಡದಡ ಉದುರಿತು. "ಇದು ಸ್ವಾಮಿ ನಾನ್ ಬೆಳ್ದಿದ್ದು. ಇನ್ನೊಂದ್ ಸಲ ತೂಗಿ."

ಸಾಬಿರಾಳ ಬುರ್ಖಾದಿಂದ ಆಲೂಗೆಡ್ಡೆ ಉರುಳಿ ಮಂಡಿಯ ತುಂಬ ಓಡಿದವು. ನಾನು ಸೀರೆ ಸಡಿಲಿಸಿ ಕೂಸನ್ನು ಹೊರಗೆ ತೆಗೆದೆ. ಬೆವತು ಕೆಂಪಗಾಗಿದ್ದ ಕೂಸು ಸಾಹೇಬರನ್ನು ನೋಡಿ ಆಕಳಿಸಿತು.

"ಮೋಸ! ಎಲ್ಲ ಮೋಸಗಾರರು!" ಎಂದು ಸಾಹೇಬರು ಹಿಂದೆ ಸರಿದರು.

"ಮೋಸವೇ ಸ್ವಾಮಿ, ತಪ್ಪಾಯ್ತು," ನಾನು ಕೂಸನ್ನು ಮುಂದೆ ಹಿಡಿದೆ. "ಬೈಯಿರಿ, ಹೊಡೀರಿ. ಆದ್ರೆ ಗಂಜಿ ನಿಲ್ಲಿಸ್ಬ್ಯಾಡಿ. ನಿಂತ್ರೆ ಇದುಕ್ಕೆ ಹಾಲಿಲ್ಲ."

ಗುಮಾಸ್ತ ಮೆಲ್ಲಗೆ, "ಮತ್ತೆ ತೂಗೋಣವೇ ಸಾರ್?" ಎಂದ.

"ಬೇಡ. ಬರೆದಾಯಿತು. ಇವರನ್ನು ಬಿಡಿ, ಹೊರಗೆ ಹೋಗಿ ಲಾರಿಗಳ ಸಾಲು ನೋಡಿ. ಇಷ್ಟು ವ್ಯಾಪಾರ ಇರುವ ಊರಿನಲ್ಲಿ ಹಸಿವು ಎಲ್ಲಿಂದ ಬರುತ್ತದೆ?"

ಹಾಗೆಂದವರೇ ಜಟಕಾ ಹತ್ತಿ ಹೊರಟುಹೋದರು. ಮುನಿರಾಜಪ್ಪ ಸಾಬಿರಾಳ ಬುರ್ಖಾ ಹಿಡಿದು ಜಗ್ಗಿದ. "ಕಳ್ ಲೌಡಿ! ಮಂಡಿ ಮಾಲು ಕದೀತೀಯಾ? ನಾಳೆಯಿಂದ ಈ ಕಡೆ ಮಕಾ ತೋರಿಸ್ಬ್ಯಾಡ!" ಎಂದು ತಳ್ಳಿದ. ಅವಳು ಗೋಡೆಗೆ ಒರಗಿ ಹಾಗೇ ನಿಂತಳು. ಅವನು ನೀರಿಗೆ ಕೂಗಿದ. ಕಾಟಾ ತೊಳೆಯಬೇಕಿತ್ತು, ಮಿಲಿಟರಿ ಲಾರಿ ಬಂದು ನಿಂತಿತ್ತು, ಕೋಸಿನ ಮೂಟೆಗಳು ಕಾಯುತ್ತಿದ್ದವು.

ಅಷ್ಟರಲ್ಲಿ ಅಕ್ಕಯ್ಯನ ಕಾಲು ಮಡಚಿಕೊಂಡಿತು. ಆಸರೆಗೆ ಕೈಚಾಚಿ ಅವಳು ಕಾಟಾದ ಹಲಗೆಯ ಮೇಲೇ ಕುಕ್ಕರಿಸಿದಳು.

"ಏಳೇ ಮುಂಡೆ! ಇಳಿಯೇ ಕೆಳಗೆ!"

"ತಲೆ ತಿರುಗ್ತೈತೆ ಕಣಪ್ಪ," ಎಂದಳು ಅಕ್ಕಯ್ಯ. ಒಂದು ಗಳಿಗೆ ಕಣ್ಣು ಮುಚ್ಚಿದಳು. ಮತ್ತೆ ಕಣ್ಣು ಬಿಟ್ಟು ಲಾರಿಯನ್ನು ನೋಡಿದಳು, ಮೂಟೆಗಳನ್ನು ನೋಡಿದಳು, ಕೂತ ಹಲಗೆಯನ್ನು ತಟ್ಟಿ ನೋಡಿದಳು. ನಗು ಉಕ್ಕಿ ಬಂತು ಅವಳಿಗೆ. "ಇಳಿಯಕ್ಕಾಗಲ್ಲ ಕಣೋ! ಗಂಜಿ ಕುಡುದ್ರೆ ಇಳೀಬೋದೇನೋ!"

ನನಗೂ ಹೊಳೆಯಿತು. ಕಾಟಾ ಇಲ್ಲದೆ ಒಂದು ಮೂಟೆಯೂ ಲಾರಿ ಹತ್ತುವ ಹಾಗಿಲ್ಲ. ಕೂಸನ್ನು ಎತ್ತಿಕೊಂಡು ಹೋಗಿ ಅಕ್ಕಯ್ಯನ ಪಕ್ಕ ಕೂತೆ. ಹಿಂದೆಯೇ ಇನ್ನೊಬ್ಬಳು, ಮತ್ತೊಬ್ಬಳು. ಹಲಗೆಯಲ್ಲಿ ಜಾಗ ಸಾಲದೆ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತೆವು. ಕಾಟಾದ ಅಡ್ಡಕಂಬಿ ಟಣ್ಣೆಂದು ಮೇಲೆ ಹಾರಿ ಅಲ್ಲೇ ನಿಂತುಬಿಟ್ಟಿತು.

"ಕರೀರೋ ಆ ಸಾಹೇಬ್ನ!" ಅಕ್ಕಯ್ಯ ಕೂಗಿದಳು. "ನೋಡು ಬಾ, ಎಷ್ಟ್ ಬೆಳ್ದಿದೀವಿ! ಬರ್ಕೊ ಬಾ!"

ಮುನಿರಾಜಪ್ಪ ಬಕೆಟ್ ನೀರನ್ನು ಹಾಗೇ ನಮ್ಮ ತಲೆಯ ಮೇಲೆ ಎರಚಿದ. ಒದ್ದೆ ಮುದ್ದೆಯಾದೆವು. ನಗು ಮಾತ್ರ ನಿಲ್ಲಲಿಲ್ಲ. ಲಾರಿಯವನು ಹಾರನ್ ಒತ್ತಿ ಹಿಡಿದ. ಪೊಲೀಸರನ್ನು ಕರೆಸುತ್ತೇನೆಂದು ಮೇಸ್ತ್ರಿ ಬಾಗಿಲಿಗೆ ಓಡಿದ. ನಾನು ಕೂಸಿಗೆ ಮೊಲೆ ಕೊಟ್ಟೆ. ನಿನ್ನೆಯ ಗಂಜಿಯಿಂದ ಬಂದ ಹಾಲು ಇನ್ನೂ ಒಂದಿಷ್ಟು ಉಳಿದಿತ್ತು.

ಗೋಡೆಗೆ ಒರಗಿ ನಿಂತಿದ್ದ ಸಾಬಿರಾ ಬುರ್ಖಾದ ಮಡಿಕೆಯಲ್ಲಿ ಸಿಕ್ಕಿದ್ದ ಕೊನೆಯ ಆಲೂಗೆಡ್ಡೆಯನ್ನು ತೆಗೆದು ನೆಲಕ್ಕೆ ಹಾಕಿದಳು. ಲಾರಿಯನ್ನು ಒಂದು ಸಲ ನೋಡಿ ನಮ್ಮ ಹತ್ತಿರ ಬಂದಳು.

"ಸರ್ಕೊಳ್ರೇ ಒಂದ್ ಚೂರು," ಎಂದಳು.

ನಾವು ಇನ್ನಷ್ಟು ಒತ್ತಿಕೊಂಡು ಕೂತು ಅವಳಿಗೆ ಜಾಗ ಮಾಡಿದೆವು.