ಕರಿಯನ ಪಾಲು

ವಾಸುದೇವನನ್ನು ಜಯರಾಮ್ ಮತ್ತೆ ಬೇಟೆಗೆ ಕರೆದದ್ದು ಸ್ನೇಹಕ್ಕಲ್ಲ. ಒಂದು ವರ್ಷ ಹಲ್ಲು ಕಚ್ಚಿಕೊಂಡು ಕಾದದ್ದು ಈ ದಿನಕ್ಕಾಗಿಯೇ.

ವಿದೇಶಕ್ಕೆ ಬಂದು ಸನ್ನಿವೇಲಿನಲ್ಲಿ ನೆಲೆಸಿದ ವಾಸುದೇವ ಒಳ್ಳೇ ಗುರಿಕಾರ, ಅದರಲ್ಲಿ ಎರಡು ಮಾತಿಲ್ಲ. ಸಾವಿರ ಗಜದಾಚೆಯ ಕಬ್ಬಿಣದ ತಟ್ಟೆಗೆ ಹತ್ತರಲ್ಲಿ ಒಂಬತ್ತು ಗುಂಡು ಹೊಡೆಯುತ್ತಾನೆ. ಗಾಳಿ ಅಳೆಯುವ ಯಂತ್ರವೇನು, ಬಂದೂಕಿಗೆ ಅಂಟಿಸಿದ ಲೆಕ್ಕದ ಚೀಟಿಯೇನು, ಕೇಳಬೇಡಿ. ಆದರೆ ತಟ್ಟೆ ನಿಂತಲ್ಲೇ ನಿಂತಿರುತ್ತದೆ. ಅಂಚಿಗೆ ತಗುಲಿದರೂ ಠಣ್ ಎನ್ನುತ್ತದೆ. ಕಾಡುಹಂದಿಯ ಅಂಚಿಗೆ ತಗುಲಿದರೆ ಕರುಳು ಹೊರಬರುತ್ತದೆ.

ಹೋದ ವರ್ಷ ಆದದ್ದೇ ಅದು. ಮಾರ್ಗನ್ ಹಿಲ್ ಊರಿನಾಚೆ ಜಯರಾಮನ ದನಕರುಗಳ ರ‍್ಯಾಂಚಿನಲ್ಲಿ ವಾಸುದೇವ ಆರುನೂರು ಗಜದಿಂದ ಹೊಡೆದ. ಗುಂಡು ಹೋಗಿ ಮುಟ್ಟುವಷ್ಟರಲ್ಲಿ ಹಂದಿ ಒಂದು ಹೆಜ್ಜೆ ಮುಂದಿಟ್ಟಿತ್ತು. "ಬಿಡೋ, ಎಲ್ಲೋ ಬಿದ್ದು ಸಾಯುತ್ತೆ. ಟ್ರಾಫಿಕ್ ಶುರುವಾಗೋಕೆ ಮುಂಚೆ ಹೊರಡ್ತೀನಿ," ಎಂದು ಕಾರು ಹತ್ತಿದ. ಜಯರಾಮ್ ತನ್ನ ನಾಯಿ ಕರಿಯನ ಜೊತೆ ರಕ್ತದ ಜಾಡು ಹಿಡಿದು ಹೋದ. ಪೊದೆಯಿಂದ ನುಗ್ಗಿದ ಹಂದಿ ಕರಿಯನ ಹೊಟ್ಟೆ ಸೀಳಿತು. ನಾಯಿ ಏದುಸಿರು ಬಿಡುತ್ತ ಅವನ ತೊಡೆಯ ಮೇಲೇ ಸತ್ತಿತು. ಸುದ್ದಿ ಕೇಳಿ ವಾಸುದೇವ ಫೋನಿನಲ್ಲಿ ಅಂದದ್ದು ಇಷ್ಟೇ: "ಛೆ. ಇನ್ನೊಂದು ತಗೊಳ್ಳೋ ಮಾರಾಯ."

ಆ ಮಾತನ್ನು ಜಯರಾಮ್ ಮರೆಯಲಿಲ್ಲ. ಮಂಡ್ಯದ ಕಡೆಯ ಅವನ ತಾತ ಬೇಟೆ ಪಾಲು ಹಾಕುವಾಗ ಹೊಡೆದವನಿಗೊಂದು, ಜೊತೆಗಿದ್ದವನಿಗೊಂದು, ನಾಯಿಗೊಂದು ಎಂದು ಇಡುತ್ತಿದ್ದ. ಪ್ರಾಣಿಯನ್ನು ನರಳಿಸಿದವನ ಪಾಲೂ ನಾಯಿಗೇ ಹೋಗುತ್ತಿತ್ತು, ಅವನೇ ತನ್ನ ಕೈಯಾರೆ ಇಡಬೇಕಿತ್ತು. ವಾಸುದೇವನ ಕೈಯಲ್ಲಿ ಕರಿಯನನ್ನು ಹೂತ ಗುಂಡಿಯ ಮೇಲೆ ಹಾಗೆ ಇಡಿಸಬೇಕು. ಜಯರಾಮನಿಗೆ ಬೇಕಿದ್ದದ್ದು ಅಷ್ಟೇ.

ಈ ಸಲ ರ‍್ಯಾಂಚಿನ ಗೇಟಿಗೆ ಬೀಗ ಹಾಕಿ ಕೀಲಿ ಜೇಬಿಗಿಳಿಸಿದ. ಬೆಳಿಗ್ಗೆ ಎಂಟಕ್ಕೆ ಎದುರು ಗುಡ್ಡದಲ್ಲಿ ಹಂದಿ ಕಂಡಿತು, ಐನೂರು ಗಜದ ಮೇಲೇ ಇತ್ತು. ಜಯರಾಮ್ ನೂರು ಗಜದೊಳಗೆ ನುಸುಳದೆ ಎಂದೂ ಗುಂಡು ಹಾರಿಸಿದವನಲ್ಲ.

"ಇಲ್ಲಿಂದಾನೇ ಹೊಡೀಲಾ?" ವಾಸುದೇವ ಕೇಳಿದ.

"ನಿನ್ನಿಷ್ಟ."

ಹೊಡೆದ. ಹಂದಿ ಹಿಂಗಾಲು ಎಳೆದುಕೊಂಡು ಪೊದೆ ಸೇರಿತು. ಅದರ ಚೀರಾಟ ಕಣಿವೆಗೆಲ್ಲ ಕೇಳಿಸಿತು. ಜಯರಾಮನಿಗೆ, ಹೇಳಬಾರದು, ಹಾಯೆನಿಸಿತು.

"ನಡಿ, ಹುಡುಕು."

"ಬಿಡೋ, ಅದು ಹೆಂಗೂ..."

"ಗೇಟಿನ ಕೀಲಿ ನನ್ನ ಹತ್ರ ಇದೆ."

ಜಯರಾಮ್ ಅವನನ್ನು ಎರಡು ಗಂಟೆ ಮುಳ್ಳುಪೊದೆಯಲ್ಲಿ ಮಂಡಿಯೂರಿ ತೆವಳಿಸಿದ. ಕೊನೆಗೆ ಹತ್ತು ಹೆಜ್ಜೆ ದೂರದಲ್ಲಿ ಹಂದಿ ಬಿದ್ದಿತ್ತು, ಜೀವ ಇನ್ನೂ ಇತ್ತು. ವಾಸುದೇವ ಬಂದೂಕೆತ್ತಿದ. ಅದರ ಮೇಲಿದ್ದದ್ದು ದೂರಕ್ಕೆಂದೇ ಮಾಡಿದ ದುರ್ಬೀನು, ಇಷ್ಟು ಹತ್ತಿರ ಅದರಲ್ಲಿ ಏನು ಕಂಡೀತು?

"ಏನೂ ಕಾಣ್ತಿಲ್ಲ ಕಣೋ, ಬರೀ ಮಬ್ಬು. ನೀನೇ ಹೊಡಿ, ಪ್ಲೀಸ್."

ವಾಸುದೇವ ಬಂದೂಕು ಕೆಳಗಿಳಿಸಿದ. ಹೀಗೆ ಬೇಡುವುದನ್ನು ಕೇಳಲೂ ಜಯರಾಮ್ ವರ್ಷ ಕಾದಿದ್ದ. ಇನ್ನೂ ಸ್ವಲ್ಪ ಹೊತ್ತು ಬೇಡಲಿ ಎಂದು ತನ್ನ ಬಂದೂಕನ್ನು ಹೆಗಲಲ್ಲೇ ಬಿಟ್ಟ. ಆಗ ಹಂದಿ ಅವನತ್ತ ಕಣ್ಣು ಹೊರಳಿಸಿತು. ಕರಿಯ ಬಿಟ್ಟದ್ದೂ ಇದೇ ಏದುಸಿರು. ಜಯರಾಮ್ ತನ್ನ ಬಂದೂಕೆತ್ತಿ ಕಿವಿಯ ಹಿಂದೆ ಒಂದೇ ಗುಂಡು ಹೊಡೆದ.

ಗೇಟಿನ ಪಕ್ಕದ ಓಕ್ ಮರದಡಿ ಕರಿಯನ ಗುಂಡಿ. ಜಯರಾಮ್ ಮಾಂಸವನ್ನು ಪಾಲು ಹಾಕಿ, ತಾತನ ಪದ್ಧತಿ ಹೇಳಿದ. ವಾಸುದೇವ ನಾಯಿಯ ಪಾಲನ್ನೂ ತನ್ನ ಪಾಲನ್ನೂ ಎತ್ತಿ ಮಣ್ಣಿನ ಮೇಲಿಟ್ಟ.

"ತಪ್ಪಾಯ್ತು ಕಣೋ," ಎಂದ. ಕಣ್ಣು ಒದ್ದೆಯಾಗಿತ್ತು.

ಜಯರಾಮನಿಗೆ ಅದು ಸಿಹಿಯಾಗಲಿಲ್ಲ. ಬಗ್ಗಿ ತನ್ನ ಪಾಲನ್ನೂ ಎತ್ತಿ ಅದರ ಪಕ್ಕಕ್ಕೇ ಇಟ್ಟ.

"ನಿಂದ್ಯಾಕೋ?"

"ಹತ್ರ ಹೋಗೋಣ ಅನ್ನಬಹುದಿತ್ತು ನಾನು. ಅನ್ನಲಿಲ್ಲ."

ಕೀಲಿಯನ್ನು ಅವನ ಕೈಗೆ ಹಾಕಿದ.

"ಗೇಟು ತೆಗೆದುಕೊಂಡು ಹೋಗು. ಇನ್ನು ನನ್ನ ಮುಖ ನೋಡಬೇಡ."