ಹುಲುಗಪ್ಪನವರ ಸಾಕ್ಷಿ

ಹುಲುಗಪ್ಪನವರ ಬಲಗೈ ಮೊಣಕೈಯಲ್ಲಿ ಬಾಗಿಕೊಂಡೇ ಇರುತ್ತಿತ್ತು. ಕೇರಿಯ ಜನರನ್ನು ಕರೆದುಕೊಂಡು ಊರ ಹೊಂಡಕ್ಕೆ ಇಳಿದ ದಿನ ಅದನ್ನು ಮೇಲ್ಜಾತಿಯವರು ಹೊಡೆದು ಮುರಿದಿದ್ದರು. ನಾನು ಮೊದಲ ಸಲ ಭೇಟಿಯಾದಾಗ ಅವರು ಆ ಕೈಯನ್ನು ಮುಂದೆ ಚಾಚಿ, "ನೋಡಿ ಬರ್ಕೋರಿ ಮೇಡಮ್ನೋರೆ, ಯಾರ್ಯಾರು ಹೊಡದ್ರು ಅದನ್ನೂ ಹೇಳ್ತೀನಿ" ಎಂದಿದ್ದರು.

ಅಸ್ಪೃಶ್ಯತೆಯ ವಿರುದ್ಧ ನಡೆದ ನೀರಿನ ಹೋರಾಟಗಳ ಚರಿತ್ರೆ ನನ್ನ ಅಧ್ಯಯನದ ವಿಷಯವಾಗಿತ್ತು. ನಾನೂ ಅಂಥದೇ ಕೇರಿಯಲ್ಲಿ ಹುಟ್ಟಿ, ಓದಿನ ದೆಸೆಯಿಂದ ವಿಶ್ವವಿದ್ಯಾಲಯ ಸೇರಿದವಳು. ಅಲ್ಲಿ ಯಾರೂ ನನ್ನ ವಿಷಯವನ್ನು ಅಲ್ಲಗಳೆಯುತ್ತಿರಲಿಲ್ಲ. "ಇನ್ನೂ ಹೊಂಡದಲ್ಲೇ ಇದ್ದೀರಾ?" ಎಂದು ನಗುತ್ತಿದ್ದರು, ಅಷ್ಟೆ.

ಹುಲುಗಪ್ಪನವರ ಮಾತನ್ನೇ ಬೆನ್ನೆಲುಬಾಗಿಸಿಕೊಂಡು ಪುಸ್ತಕ ಬರೆದೆ. ಹೊಡೆದವರ ಹೆಸರುಗಳನ್ನೂ ಬರೆದೆ. ಅವರಲ್ಲೊಬ್ಬರು ಊರಿನ ಪಂಚಾಯಿತಿ ಅಧ್ಯಕ್ಷ ವೀರನಗೌಡರ ತಂದೆ. ಇಲ್ಲದ್ದನ್ನು ಕಟ್ಟಿ ಊರಿನ ಮಾನ ತೆಗೆದಿದ್ದೇನೆಂದು ದೂರು ಹೋಯಿತು. ವಿಶ್ವವಿದ್ಯಾಲಯ ಆ ಊರಿನ ಛತ್ರದಲ್ಲೇ ವಿಚಾರಣೆ ಇಟ್ಟಿತು. ಅಂದು ಹೊಂಡಕ್ಕೆ ಇಳಿದವರಲ್ಲಿ ಉಳಿದಿದ್ದವರು ಹುಲುಗಪ್ಪನವರೊಬ್ಬರೇ. ಅವರೊಬ್ಬರು ಸಾಕೆಂದು ನಾನು ನಿಶ್ಚಿಂತೆಯಿಂದ ಹೋದೆ.

ಅಂಥ ಸೆಖೆಯಲ್ಲೂ ಅವರು ಶಾಲು ಹೊದ್ದು ಬಂದಿದ್ದರು. ಬಲಗೈ ಅದರೊಳಗಿತ್ತು. ಗೌಡರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಕೈ ಹೇಗೆ ಮುರಿಯಿತೆಂದು ಸಮಿತಿಯವರು ಕೇಳಿದರು.

"ಹುಣಸೀ ಮರದಿಂದ ಬಿದ್ದಿದ್ದೆ ರೀ. ಈ ಊರಾಗ ನಾವೆಲ್ಲಾ ಅಣ್ತಮ್ರಂಗ ಅದೀವಿ."

ಅವರು ನನ್ನ ಕಡೆ ನೋಡಲಿಲ್ಲ. ಆಮೇಲೆ ತಾವಾಗಿಯೇ ಬಸ್ ನಿಲ್ದಾಣದವರೆಗೆ ಬಂದರು.

"ಮಗಳ ಅಂಗನವಾಡಿ ಕೆಲಸ ಗೌಡ್ರ ಕೈಯಾಗೈತಿ ಯವ್ವಾ. ನೀನು ಬರ್ದು ಬಸ್ ಹತ್ತತೀ. ಆಕಿ ಇಲ್ಲೇ ಬಾಳೇವು ಮಾಡ್ಬೇಕು."

ವಿಶ್ವವಿದ್ಯಾಲಯದವರು ಪುಸ್ತಕವನ್ನು ಹಿಂತೆಗೆದುಕೊಂಡರು. ನನಗೆ ಬರಬೇಕಿದ್ದ ಬಡ್ತಿ ನನ್ನ ಕೈಕೆಳಗೆ ಓದಿದವನಿಗೆ ಹೋಯಿತು. ನಿವೃತ್ತಿಯವರೆಗೂ ರಾಜವಂಶಗಳ ಪಾಠ ಮಾಡಿದೆ. ಹುಲುಗಪ್ಪನವರ ಮೇಲೆ ಸಿಟ್ಟು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ. ಆ ಸಿಟ್ಟು ಎಲ್ಲಿಗೂ ಸಲ್ಲದೆ ನನ್ನೊಳಗೇ ಹುಳಿಯಿತು.

ಅವರು ತೀರಿಕೊಂಡಾಗ ಊರವರು ಶ್ರದ್ಧಾಂಜಲಿ ಸಭೆ ಮಾಡಿದರು. ನಾನು ಹಿಂದೆ ನಿಂತಿದ್ದೆ. ಊರಿನ ಸೌಹಾರ್ದಕ್ಕೆ ಹುಲುಗಪ್ಪನೇ ಸಾಕ್ಷಿ ಎಂದು ಗೌಡರು ಗದ್ಗದಿತರಾಗಿ ಮಾತಾಡಿದರು. ಪಟಕ್ಕೆ ಹಾರ ಹಾಕುವ ಹೊತ್ತು ಬಂದಾಗ, ಅದು ಮಗಳ ಕೈಯಿಂದಲೇ ಆಗಲಿ ಎಂದರು. ಮರಿಯವ್ವ ಎದ್ದು ಬಂದು ಎರಡೂ ಕೈ ಒಡ್ಡಿದಳು. ಗೌಡರು ಒಂದು ಗೇಣು ಮೇಲಿನಿಂದ ಹಾರವನ್ನು ಅವಳ ಬೊಗಸೆಗೆ ಬಿಟ್ಟರು.